ಶಿರೂರು ಗುಡ್ಡ ಕುಸಿತ: ಅಷ್ಟೊಂದು ವಿಡಿಯೊ ನೋಡಿ ನಮಗೆ ತಿಳಿದದ್ದೆಷ್ಟು?

ಕರಾವಳಿ ಡೆಸ್ಕ್:
2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ಗ್ಯಾಸ್ ಟ್ಯಾಂಕರ್, ಲಾರಿ ಎಲ್ಲ ಗಂಗಾವಳಿ ನದಿ ಪಾಲಾದವು. ಕೇರಳದ ಚಾಲಕರೊಬ್ಬರಿದ್ದ ಲಾರಿ ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿಯವರೆಗೆ ಟಿವಿ, ಯೂಟ್ಯೂಬ್, ವಾಟ್ಸ್‌ಆ್ಯಪ್ ತುಂಬ ಅದೇ ದೃಶ್ಯಗಳು. ಆದರೂ ಗುಡ್ಡ ಯಾವ ಕಡೆ, ನದಿ ಯಾವ ಕಡೆ ಎಂದು ಕೇಳಿ ನೋಡಿ, ಬಹಳ ಮಂದಿ ತಡವರಿಸುತ್ತಾರೆ.

ನನ್ನನ್ನು ಕಾಡುವುದು ಉಳುವರೆ. ಮಣ್ಣು ಬಿದ್ದ ರಭಸಕ್ಕೆ ನದಿ ನೀರು ಎದುರು ದಡದ ಆ ಊರಿಗೆ ನುಗ್ಗಿತು, ಮನೆಗಳು ಉರುಳಿದವು, ಜೀವವೂ ಹೋಯಿತು. ಕ್ಯಾಮೆರಾಗಳು ಹೆಚ್ಚಾಗಿ ಹೆದ್ದಾರಿಯ ಮೇಲಿದ್ದವು. ಗುಡ್ಡ, ರಸ್ತೆ, ನದಿ, ಉಳುವರೆ ನಾಲ್ಕನ್ನೂ ಒಟ್ಟಿಗೆ ತೋರಿಸುವ ಒಂದು ನಕ್ಷೆ ಇದ್ದಿದ್ದರೆ ಆ ಊರು ಹೀಗೆ ಕಣ್ಮರೆಯಾಗುತ್ತಿರಲಿಲ್ಲ. ಬರಹದ ನಡುವೆ ವಿಡಿಯೊ ಅಂಟಿಸಿದರೆ ಮಲ್ಟಿಮೀಡಿಯಾ ಆಯಿತು ಅಂದುಕೊಂಡಿದ್ದೇವೆ. ನಕ್ಷೆಯಿಂದ ಆಗುವ ಕೆಲಸವನ್ನು ನಕ್ಷೆಗೆ, ದನಿಯಿಂದ ಆಗುವುದನ್ನು ದನಿಗೆ ಬಿಡಬೇಕು ಅನ್ನುವುದು ನನ್ನ ವಾದ.

ಹೆಗಲ ಮೇಲೆ ಕ್ಯಾಮೆರಾ:
ಒಪ್ಪುವುದಿಲ್ಲ ಮೇಡಂ. ಆ ಮಳೆಯಲ್ಲಿ ನಿಂತು ಲೈವ್ ಕೊಟ್ಟವರ ಕೆಲಸ ಚಿಕ್ಕದಲ್ಲ. ನದಿಯ ಸೆಳೆತಕ್ಕೆ ಹುಡುಕಾಟ ನಿಂತಿತ್ತು. ಗೋವಾದಿಂದ ನದಿ ತಳದ ಮಣ್ಣು ತೆಗೆಯುವ ಡ್ರೆಜರ್ ಬರುವವರೆಗೂ ಜನ ಆ ಲಾರಿಯನ್ನು ಮರೆಯದ ಹಾಗೆ ನೋಡಿಕೊಂಡದ್ದು ವಿಡಿಯೊ. ಮಲಯಾಳಂ ಚಾನೆಲ್‌ಗಳವರು ಅಲ್ಲೇ ಬೀಡುಬಿಟ್ಟಿದ್ದರು. ಆ ಚಾಲಕರ ಮನೆಯವರ ಮುಖ ನೋಡಿದ್ದಕ್ಕೇ ಅಲ್ಲವೇ ಜನ ಸರ್ಕಾರವನ್ನು ಕೇಳಿದ್ದು? ನಕ್ಷೆ ನೋಡಿ ಯಾರ ಕರುಳೂ ಚುರುಕ್ ಅನ್ನುವುದಿಲ್ಲ.

ಕರಾವಳಿ ಡೆಸ್ಕ್:
ಒತ್ತಡ ಹುಟ್ಟಿದ್ದು ಲೈವ್‌ನಿಂದಲೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಒಂದು ಲಾರಿಯ ಸುತ್ತಲೇ ಹುಟ್ಟಿತು. ಚಹಾ ಅಂಗಡಿಯ ಸಂಸಾರಕ್ಕೆ, ಉಳುವರೆಯವರಿಗೆ ಅದರಲ್ಲಿ ಎಷ್ಟು ಹೊತ್ತು ಸಿಕ್ಕಿತು? ಕ್ಯಾಮೆರಾ ಎಲ್ಲಿ ನಿಂತಿದೆಯೋ ದುಃಖವೂ ಅಲ್ಲಿ ಮಾತ್ರ ಇದೆ ಎಂದು ನೋಡುವವರಿಗೆ ಅನ್ನಿಸಿಬಿಡುತ್ತದೆ.

ನಕ್ಷೆ ಮೇಜು:
ಅದೇ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದಾಗ ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಕುಸಿತಕ್ಕೆ ಮುಂಚಿನ ಮತ್ತು ಆಮೇಲಿನ ಉಪಗ್ರಹ ಚಿತ್ರಗಳನ್ನು ಕೊಟ್ಟಿತು. ಕುಸಿತ ಶುರುವಾದದ್ದು 1,550 ಮೀಟರ್ ಎತ್ತರದಲ್ಲಿ, ಜಾರಿದ ಜಾಗ ಸುಮಾರು 86,000 ಚದರ ಮೀಟರ್, ಮಣ್ಣು ಬಂಡೆ ಹರಿದ ದೂರ ಸುಮಾರು 8 ಕಿ.ಮೀ. ಬರೀ ಅಂಕಿ ಓದಿದರೆ ತಲೆಗೆ ಹತ್ತುವುದಿಲ್ಲ. ಎರಡು ಚಿತ್ರ ಅಕ್ಕಪಕ್ಕ ಇಟ್ಟಾಗ, ಅಷ್ಟು ದೂರದ ಗುಡ್ಡ ಕೆಳಗಿನ ಊರನ್ನು ಹೇಗೆ ತಲುಪಿತು ಎಂದು ತಿಳಿಯಿತು.

ಆದರೆ ಗ್ರಾಫಿಕ್ಸ್ ಸುಳ್ಳನ್ನೂ ಹೇಳಬಲ್ಲದು. ನ್ಯೂಯಾರ್ಕ್ ಟೈಮ್ಸ್ 2012ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಸ್ನೋ ಫಾಲ್’ ಅನ್ನು ನಮ್ಮ ಕ್ಷೇತ್ರದವರು ಇವತ್ತಿಗೂ ಉದಾಹರಣೆಗೆ ತೆಗೆದುಕೊಳ್ಳುತ್ತಾರೆ. ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಪರ್ವತದಲ್ಲಿ ಹಿಮ ಕುಸಿದು ಸ್ಕೀಯಿಂಗ್‌ಗೆ ಹೋದ 16 ಜನರಲ್ಲಿ ಮೂವರು ಸತ್ತ ವರದಿ ಅದು. 2013ರಲ್ಲಿ ಅದಕ್ಕೆ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು. ಅದರಲ್ಲಿ ಬೆಟ್ಟದ ಮೇಲೆ ಹಾರಿಹೋಗುವ ಹಾಗೆ ಮಾಡಿದ ಅನಿಮೇಷನ್ ಇದೆ. ಯಾರು ಎಲ್ಲಿಂದ ಇಳಿದರು ಎಂಬುದು ಆ ಇಳಿಜಾರನ್ನು ನೋಡದೆ ಅರ್ಥವಾಗುವಂಥದ್ದಲ್ಲ, ಆದ್ದರಿಂದ ಅದಕ್ಕೆ ಅಲ್ಲಿ ಕೆಲಸವಿತ್ತು. ಶಿರೂರಿನಲ್ಲೋ, ಲಾರಿ ಎಲ್ಲಿದೆ ಎಂದು ಹುಡುಕುವವರಿಗೇ ಗೊತ್ತಿಲ್ಲದ ಹೊತ್ತಿನಲ್ಲಿ ನೀರಿನಡಿಯ ಲಾರಿಯನ್ನು ಅನಿಮೇಷನ್‌ನಲ್ಲಿ ತೋರಿಸಿದರೆ ಅದು ಊಹೆ. ನೋಡಿದವರು ಅದನ್ನೇ ನಂಬುತ್ತಾರೆ. ಊಹೆಯಾದರೆ ಚಿತ್ರದ ಮೇಲೆಯೇ ‘ಊಹೆ’ ಎಂದು ದೊಡ್ಡದಾಗಿ ಬರೆಯಬೇಕು.

ಧಾರವಾಡ ಕಡೆಯವ:
ನ್ಯೂಯಾರ್ಕಿನವ್ರು ಒಂದ ಸುದ್ದಿಗೆ ದೊಡ್ಡ ತಂಡ ಕಟ್ಕೊಂಡು ತಿಂಗಳಗಟ್ಟಲೆ ಕುಂತ್ರು. ನಮ್ಮಂಥ ತಾಲ್ಲೂಕ ವರದಿಗಾರಗ ಬರಿಯೂದು, ಫೋಟೊ, ವಿಡಿಯೊ, ಮ್ಯಾಲೆ ರೀಲ್ಸು, ಎಲ್ಲಾ ಒಬ್ಬನ ಮಾಡಬೇಕ್ರಿ. ಹಂಗಂತ ಆಗೂದಿಲ್ಲ ಅಂತ ಅನ್ನೂದಿಲ್ಲ. ಪಿ. ಸಾಯಿನಾಥ್ ಅವರು 2014ರಾಗ ಶುರು ಮಾಡಿದ, ಹಳ್ಳಿ ಜನರ ಬದುಕಿನ ಸುದ್ದಿ ಕೂಡಿಡೂ ‘ಪರಿ’ ಜಾಲತಾಣ ನೋಡ್ರಿ, ಕನ್ನಡದಾಗೂ ಬರತೈತಿ. ಮಹಾರಾಷ್ಟ್ರದ ಹೆಣ್ಣಮಕ್ಕಳು ಬೀಸೂ ಕಲ್ಲಿನ ಮುಂದ ಹಾಡಿದ ಪದ ಅದರಾಗ ಇಟ್ಟಾರ. ಹಾಡಿನ ಸಾಲು ಓದಬಹುದು, ಹಾಡಿದಾಕಿ ದನಿನೂ ಕೇಳಬಹುದು. ಅದಕ್ಕ ಅನಿಮೇಷನ್ ಯಾಕ ಬೇಕ್ರಿ?

ಟಾಕ್‌ಬ್ಯಾಕ್ ಓದುಗ:
ನನಗೆ ಕಣ್ಣು ಕಾಣುವುದಿಲ್ಲ, ಫೋನ್ ಓದಿ ಹೇಳಿದ್ದನ್ನು ಕೇಳಿ ಸುದ್ದಿ ತಿಳಿಯುತ್ತೇನೆ. ನಕ್ಷೆ ಬಂದ ಕಡೆ ‘ಇಮೇಜ್’ ಅಂದು ಫೋನ್ ಮುಂದೆ ಹೋಗುತ್ತದೆ. ವಿಡಿಯೊದಲ್ಲಾದರೂ ಮಾತಿರುತ್ತದೆ. ಈಗ ಎಷ್ಟೋ ರೀಲ್‌ಗಳಲ್ಲಿ ಸಂಗೀತ ಬಿಟ್ಟರೆ ಏನೂ ಇಲ್ಲ, ವಿಷಯವೆಲ್ಲ ಪರದೆ ಮೇಲಿನ ಅಕ್ಷರದಲ್ಲಿರುತ್ತದಂತೆ. ಡೆಸ್ಕಿನವರು ಕೇಳುವ ನಕ್ಷೆಗೆ ಒಂದು ವಿವರಣೆ ಬರೆಯಿರಿ: “ಒಂದು ಬದಿಗೆ ಕಡಿದಾದ ಗುಡ್ಡ, ಅದರ ಬುಡದಲ್ಲಿ ಹೆದ್ದಾರಿ, ಹೆದ್ದಾರಿಗೆ ತಾಗಿದಂತೆ ನದಿ, ನದಿಯಾಚೆ ಉಳುವರೆ.” ಇಷ್ಟು ಸಿಕ್ಕಿದ್ದರೆ ಆವತ್ತೇ ನನಗೆ ಜಾಗದ ಅಂದಾಜು ಆಗುತ್ತಿತ್ತು. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟು ಚಿತ್ರ ತೆರೆಯದವರಿಗೂ ಇದೇ ಸಾಲು ಸಿಗುತ್ತದೆ.

ನಕ್ಷೆ ಮೇಜು:
ಸರ್, ಇದನ್ನು ನಾವು ಕೊನೆಗೆ, ಸಮಯ ಉಳಿದರೆ ಮಾಡುವ ಕೆಲಸವೆಂದು ಇಟ್ಟಿದ್ದೇವೆ. ಮೊದಲೇ ಆ ಸಾಲು ಬರೆದುಕೊಂಡರೆ ನಕ್ಷೆಯಲ್ಲಿ ಏನಿರಬೇಕು, ಏನು ಬೇಡ ಅನ್ನುವುದೂ ತೀರ್ಮಾನವಾಗುತ್ತದೆ.

ಧಾರವಾಡ ಕಡೆಯವ:
ಹಂಗಾರ ಹೇಳ್ರಿ, ನಾಳೆ ನಮ್ಮ ಕಡೆ ಹೊಳಿ ಬಂದು ಊರಾಗ ನೀರು ಹೊಕ್ಕತು. ನನ್ನ ಕೈಯಾಗ ಒಂದ ಫೋನು, ಒಂದ ತಾಸು. ಮೊದಲ ಏನ್ ಮಾಡ್ಲಿ?

ಕರಾವಳಿ ಡೆಸ್ಕ್:
ಊರಿಗೂ ಹೊಳೆಗೂ ಇರುವ ಅಂತರ ಕಾಣುವ ಎತ್ತರದ ಜಾಗದಿಂದ ಒಂದು ಫೋಟೊ. ಎಷ್ಟು ಗಂಟೆಗೆ ತೆಗೆದದ್ದು, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಿರಿ ಎಂದು ಬರೆದುಕೊಳ್ಳಿ. ಹಾಳೆಯ ಮೇಲೆ ಕೈಯಲ್ಲೇ ನಕ್ಷೆ ಗೀಚಿ ಕಳಿಸಿ, ಡೆಸ್ಕಿನವರು ತಿದ್ದುತ್ತಾರೆ. ಆಮೇಲೆ ನೀರು ನುಗ್ಗುವಾಗ ಅಲ್ಲಿದ್ದ ಒಬ್ಬರ ಮಾತನ್ನು ಅವರದೇ ಮಾತಿನಲ್ಲಿ, ನಡುವೆ ಬಾಯಿ ಹಾಕದೆ ರೆಕಾರ್ಡ್ ಮಾಡಿ. ಉಳಿದದ್ದನ್ನು ಬರೆಯಿರಿ. ದನಿಯಲ್ಲಿ ಬಂದದ್ದನ್ನೇ ಮತ್ತೆ ಬರಹದಲ್ಲಿ ಉದ್ದಕ್ಕೆ ಎಳೆಯಬೇಡಿ, ಸಾರಾಂಶ ಸಾಕು.

ಹೆಗಲ ಮೇಲೆ ಕ್ಯಾಮೆರಾ:
ವಿಡಿಯೊನೂ ತೆಗೀರಿ ಅಣ್ಣ. ಫೋನ್ ಅಡ್ಡ ಹಿಡಿದು, ಅಲುಗಾಡಿಸದೆ, ಅರ್ಧ ನಿಮಿಷ. ನೀರು ಹರಿಯುವ ವೇಗ ಫೋಟೊದಲ್ಲಿ ಬರುವುದಿಲ್ಲ. ಕ್ಯಾಮೆರಾಗಳು ಹೆಚ್ಚಾಗಿ ಹೆದ್ದಾರಿಯ ಮೇಲಿದ್ದವು ಅನ್ನುವ ಮೇಡಂ ಮಾತು ಸರಿ, ಎದುರು ದಡಕ್ಕೆ ಹೋಗಿ ತಿರುಗಿ ನೋಡುವುದನ್ನು ನಾವು ಕ್ಯಾಮೆರಾದವರು ರೂಢಿ ಮಾಡಿಕೊಳ್ಳಬೇಕು. ಆದರೆ ಮುಖದ ವಿಷಯದಲ್ಲಿ ನನ್ನ ವಾದ ಬಿಡುವುದಿಲ್ಲ. ಅಳುತ್ತಿರುವವರ ಬಾಯಿಗೆ ಮೈಕ್ ಹಿಡಿಯುವುದು ತಪ್ಪು. ಮನೆಯವರು ತಾವಾಗಿ ಒಪ್ಪಿ ಮಾತಾಡಿದರೆ ಮಾತ್ರ ಅದು ಮೊದಲು ಬರಬೇಕು, ನಕ್ಷೆ ಅದರ ಕೆಳಗೆ.