ಒಂದು ರಾತ್ರಿಯ ಟೆಂಟು, ಐದು ತಿಂಗಳ ಕೂಸು

ವಾಟ್ಸಾಪ್ ಗುಂಪು: ಹೊಳೆಮನೆ ಬಳಗ

ಶ್ರೀಪಾದ ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆದದ್ದು) ಎಚ್ಚರ!! ಒಂದು ವರ್ಷದೊಳಗಿನ ಮಗುವನ್ನು 3,000 ಅಡಿಗಿಂತ ಎತ್ತರಕ್ಕೆ ಕರೆದೊಯ್ದರೆ ಕಿವಿ ತಮಟೆ ಒಡೆಯುತ್ತದೆ. ಖ್ಯಾತ ಮಕ್ಕಳ ತಜ್ಞರ ಎಚ್ಚರಿಕೆ. ಎಲ್ಲ ತಂದೆತಾಯಂದಿರಿಗೂ ತಲುಪಿಸಿ.

ಶ್ರೀಪಾದ ದೊಡ್ಡಪ್ಪ: ಪ್ರಸಾದ, ಅನಿತಾ, ಇಬ್ಬರೂ ಓದಿ. ಜನವರಿ ಕೊನೇ ಶನಿವಾರ ಟೆಂಟು ಹಾಕಿ ಮಲಗೋಕೆ ಹೊರಟಿದ್ದೀರಂತೆ.

ಸುಮತಿ ಅತ್ತೆ: ನಾನು ಆವತ್ತೇ ಹೇಳಿದೆ, ಯಾರು ಕೇಳ್ತಾರೆ? ಹಸುಗೂಸಿನ ನೆತ್ತಿಗೆ ಆ ಚಳಿಗಾಳಿ ಹೊಡೆದ್ರೆ ಆಮೇಲೆ ಒದ್ದಾಡೋರು ಯಾರು?

ಗಿರೀಶ: ಮಾವ, ಯಾವ ತಜ್ಞರು? ಹೆಸರಿಲ್ಲ, ಆಸ್ಪತ್ರೆ ಇಲ್ಲ, ತಾರೀಖಿಲ್ಲ. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಇವರು ಹೋಗೋ ತೀರ್ಥಹಳ್ಳಿ ಕಡೆ 2,000 ಅಡಿ ಆಸುಪಾಸು. ಅಂದ್ರೆ ಇಳೀತಿದ್ದಾರೆ, ಏರ್ತಿಲ್ಲ.

ಶ್ರೀಪಾದ ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ಲಾಕ್‌ಡೌನ್‌ನಲ್ಲೂ ಹೀಗೇ ಎಲ್ಲರ ಮುಂದೆ ಅವಮಾನ ಮಾಡಿದೆ.

ಗಿರೀಶ: ಆಗ ನೀವು ಹಾಕಿದ್ದು ಕೊರೊನಾಕ್ಕೆ ಹಸಿ ಈರುಳ್ಳಿ ತಿನ್ನಿ ಅಂತ. ಅದಕ್ಕೂ ಮೂಲ ಇರಲಿಲ್ಲ.

ಸುಮತಿ ಅತ್ತೆ: ಗಿರೀಶಾ, ಮಾವನ ಹತ್ರ ಹಾಗೆಲ್ಲ ಮಾತಾಡಬೇಡ.

ಮಂಜು: ಅಜ್ಜ ಇದ್ದಾಗ ಎಲ್ಲರೂ ಮೆಟಡಾರ್‌ನಲ್ಲಿ ಜೋಗಕ್ಕೆ ಹೋಗಿದ್ದು ನೆನಪಿದೆಯಾ? ಕಿಟಕಿ ಸರಳಿಗೆಲ್ಲ ವಿದ್ಯಕ್ಕನ ಲಂಗೋಟಿ ಒಣಹಾಕಿದ್ರಂತೆ. ಡಬ್ಬಿ ತುಂಬ ಚಕ್ಕುಲಿ. ಆ ಫೋಟೋ ಯಾರ ಹತ್ರ ಇದೆ?

ಸುಮತಿ ಅತ್ತೆ: ಫೋಟೋ ಎಲ್ಲ ಅತ್ತಿಗೆ ಕಪಾಟಲ್ಲೇ ಇದೆ. ನಮಗೆ ಒಂದೂ ಕೊಡಲಿಲ್ಲ.

ಅನಿತಾ: ದೊಡ್ಡಪ್ಪ, ಮಗು ನಮ್ಮ ಜೊತೆ ಬರ್ತಾ ಇಲ್ಲ. ಶಿವಮೊಗ್ಗದಲ್ಲಿ ಅಜ್ಜಿ ಶಾರದಮ್ಮನ ಹತ್ರ ಇರತ್ತೆ. ಶನಿವಾರ ಬೆಳಗ್ಗೆ 10ಕ್ಕೆ ಬಿಟ್ಟು ಭಾನುವಾರ 11ಕ್ಕೆ ವಾಪಸ್. ಮೊನ್ನೆ ಇದೇ ಗುಂಪಲ್ಲಿ ಹಾಕಿದ್ದೆ.

ಸುಮತಿ ಅತ್ತೆ: ಬಿಟ್ಟು ಹೋಗ್ತೀರಾ!! ನಮಗ್ಯಾರೂ ಹೇಳಲೇ ಇಲ್ಲ. ಗೃಹಪ್ರವೇಶದ ವಿಷಯಾನೂ ಹೀಗೇ ಗುಂಪಲ್ಲೇ ಗೊತ್ತಾಗಿದ್ದು. ಇರಲಿ, ಹಾಲಿಗೇನು ಮಾಡ್ತೀರಿ? ಒಂದು ರಾತ್ರಿ ತಾನೇ, ಹಸುವಿನ ಹಾಲಿಗೆ ಅರ್ಧ ನೀರು ಬೆರೆಸಿ ಕೊಟ್ಟರಾಯ್ತು. ಅತ್ತರೆ ಒಂದು ಬೆರಳು ಜೇನುತುಪ್ಪ.

ವಿದ್ಯಾ: ಅತ್ತೆ, ಎರಡೂ ಬೇಡ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಜೇನುತುಪ್ಪ ವರ್ಷ ತುಂಬೋವರೆಗೂ ಮುಟ್ಟಿಸಬಾರದು. ಅದರಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಇರಬಹುದು, ಎಳೆ ಕರುಳು ತಡೆಯಲ್ಲ.

ಅನಿತಾ, ಲೆಕ್ಕ ಹೀಗೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಸುಮಾರು 750 ಮಿ.ಲೀ. ಹಿಂಡಿಟ್ಟ ಎದೆಹಾಲಿನ 100 ಮಿ.ಲೀ.ನ ಎಂಟು ಪೊಟ್ಟಣ, ಮೇಲೆ 60ರ ಎರಡು. ದೊಡ್ಡ ಪೊಟ್ಟಣ ಮಾಡಬೇಡ, ಮಗು ಕುಡಿದು ಬಿಟ್ಟ ಹಾಲನ್ನ ಎರಡು ಗಂಟೆ ಮೇಲೆ ಚೆಲ್ಲಬೇಕಾಗತ್ತೆ. ಬೆಳಗಿನ ಮೊದಲ ಸಲ ಮಗು ಕುಡಿದ ಮೇಲೆ ಹಿಂಡು, ಆಗ ಹಾಲು ಜಾಸ್ತಿ. ದಿನಕ್ಕೆ 70–80 ಸಿಕ್ಕರೂ ಎರಡು ವಾರದಲ್ಲಿ ಸಾಕಷ್ಟಾಗತ್ತೆ.

ಕೋಣೆಯಲ್ಲಿ 25 ಡಿಗ್ರಿ ಒಳಗೆ 4 ಗಂಟೆ, ಫ್ರಿಜ್ಜಲ್ಲಿ 4 ದಿನ. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ಹಿಂದೆ ತಣ್ಣಗಿರೋ ಕಡೆ ಇಡಿ. ಸಿಂಗಲ್ ಡೋರ್ ಫ್ರಿಜ್ಜಿನ ಫ್ರೀಜರನ್ನ ಎರಡು ವಾರದ ಮೇಲೆ ನಂಬಬೇಡ. ಪೊಟ್ಟಣದ ಮೇಲ್ಗಡೆ ಸ್ವಲ್ಪ ಜಾಗ ಬಿಡು, ಹೆಪ್ಪುಗಟ್ಟಿದಾಗ ಹಿಗ್ಗತ್ತೆ. ತಾರೀಖು ಬರೆದು ಚಪ್ಪಟೆ ಮಲಗಿಸಿಡು.

ಇನ್ನೊಂದು. ಹೆಪ್ಪುಗಟ್ಟಿಸಿದ ಹಾಲು ಕೆಲವರದ್ದು ಕರಗಿದ ಮೇಲೆ ಸೋಪಿನ ವಾಸನೆ ಬರತ್ತೆ. ಹಾಲಲ್ಲೇ ಇರೋ ಲೈಪೇಸ್ ಕೊಬ್ಬನ್ನ ಒಡೆಯೋದ್ರಿಂದ ಹಾಗಾಗೋದು, ಕೆಟ್ಟಿರಲ್ಲ. ಆದ್ರೆ ಕೆಲವು ಮಕ್ಕಳು ಬಾಯಿಗೇ ತಗೊಳ್ಳಲ್ಲ. ಒಂದು ಪೊಟ್ಟಣ ಈಗಲೇ ಕರಗಿಸಿ ಕುಡಿಸಿ ನೋಡು. ಒಪ್ಪದಿದ್ರೆ ಹೊರಡೋ ಮುಂಚಿನ ನಾಲ್ಕು ದಿನ ಜಾಸ್ತಿ ಸಲ ಹಿಂಡಿ ಫ್ರಿಜ್ಜಲ್ಲೇ ಇಡು, ಫ್ರೀಜರ್ ಬೇಡ.

ಶಾರದಮ್ಮ: ಬಾಟಲಿ ಕೊಟ್ಟರೆ ಮುಖ ತಿರುಗಿಸ್ತಾಳೆ ವಿದ್ಯಾ. ಬೆಳ್ಳಿ ಒಳಲೆ ಇದೆ, ಅದರಲ್ಲಿ ಕುಡಿಸ್ಲಾ?

ವಿದ್ಯಾ: ಧಾರಾಳವಾಗಿ, ಚಿಕ್ಕಮ್ಮ. ಚೆನ್ನಾಗಿ ಕುದಿಸಿದ ಒಳಲೆ. ಕೂಸನ್ನ ಅರ್ಧ ಕೂರಿಸಿದ ಹಾಗೆ ಹಿಡ್ಕೊಂಡು, ಒಳಲೆ ಮೂತಿಯನ್ನ ಬಾಯಿಯ ಪಕ್ಕಕ್ಕೆ ತಾಗಿಸಿ. ಸುರಿಯಬೇಡಿ, ಅದೇ ಎಳ್ಕೊಳ್ಳಲಿ, ನುಂಗಿದ ಮೇಲೆ ಮುಂದಿನ ಗುಟುಕು. ಅಭ್ಯಾಸ ಶುರು ಮಾಡೋದು ಹೊರಡೋ ಹಿಂದಿನ ದಿನ ಅಲ್ಲ, ಒಂದು ವಾರ ಮುಂಚೆ. ಆಗ ಅನಿತಾ ಆ ಕೋಣೆಯಲ್ಲಿ ಇರಬಾರದು.

ಸುಮತಿ ಅತ್ತೆ: ಒಳಲೆ ನಮ್ಮಮ್ಮಂದು. ಅತ್ತಿಗೆ ಹತ್ರ ಹೇಗೆ ಹೋಯ್ತು?

ಶ್ರೀಪಾದ ದೊಡ್ಡಪ್ಪ: ಸುಮತಿ, ಆ ವಿಷಯ ಈಗ ಬೇಡ. ಮಗುವನ್ನು ಬಿಟ್ಟು ಸುತ್ತಾಡೋ ಅಭ್ಯಾಸ ನಮ್ಮ ಮನೆತನದಲ್ಲಿ ಇರಲಿಲ್ಲ. ತಾಯಿ ಆದ ಮೇಲೆ ಸ್ವಲ್ಪ ತ್ಯಾಗ ಇರಬೇಕು.

ವಿದ್ಯಾ: ಅಪ್ಪ, ಐದು ತಿಂಗಳಿಂದ ನಿದ್ದೆ ಇಲ್ಲದೆ ನೋಡ್ಕೊಂಡಿದ್ದಾಳೆ. ಒಂದು ರಾತ್ರಿ ಹೋಗಿ ಬರಲಿ.

ರಘು ಚಿಕ್ಕಪ್ಪ: ಅಣ್ಣ, ಕಿವಿ ವಿಷಯ ಬಿಡು. ನೋಡಬೇಕಾದ್ದು ಮಂಗನ ಕಾಯಿಲೆ. ಡಿಸೆಂಬರಿಂದ ಮೇವರೆಗೆ ನಮ್ಮ ಕಡೆ ಇದೇ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು. ಹರಡೋದು ಉಣುಗು ಕಚ್ಚಿ. ಈ ಕಾಲದಲ್ಲಿ ಕಚ್ಚೋ ಮರಿ ಉಣುಗು ಎಳ್ಳಿನಷ್ಟು ಸಣ್ಣ, ಕಾಣೋದೇ ಇಲ್ಲ.

ಟೆಂಟನ್ನ ಕಾಡಂಚಲ್ಲಿ ಹಾಕಬೇಡಿ. ತೋಟದ ಮನೆ ಅಂಗಳದಲ್ಲಿ ಹಾಕಿ, ಗುಡಿಸಿ ಸಾರಿಸಿದ ನೆಲದಲ್ಲಿ ಉಣುಗು ಅಡಗೋ ತರಗೆಲೆ ಇರಲ್ಲ. ಆದ್ರೆ ಈಗ ಅಡಿಕೆ ಒಣಗಿಸೋ ಕಾಲ, ಅಂಗಳದಲ್ಲಿ ಜಾಗ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳ್ಕೊಳ್ಳಿ. ಹತ್ತಿರ ಎಲ್ಲಾದ್ರೂ ಮಂಗ ಸತ್ತಿದೆಯಾ ಅಂತಾನೂ ಕೇಳಿ. ಸತ್ತಿದ್ರೆ ಆ ಊರು ಬೇಡ. ಕಾಡೊಳಗೆ ನಡೆಯೋದು ಈ ಸಲ ಬಿಡಿ, ಹೊಳೆ ಹತ್ರ ಕೂತು ಬನ್ನಿ.

ತುಂಬುತೋಳು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಆರೋಗ್ಯ ಇಲಾಖೆಯವರು ಕೊಡೋ, ಉಣುಗು ದೂರ ಇಡೋ ಡೇಪಾ ಎಣ್ಣೆ ಕೈಕಾಲಿಗೆ.

ಶ್ರೀಪಾದ ದೊಡ್ಡಪ್ಪ: ಅದಕ್ಕೆ ಲಸಿಕೆ ಇದೆಯಲ್ಲ.

ರಘು ಚಿಕ್ಕಪ್ಪ: ಹಳೇ ಲಸಿಕೆ ಈಗ ಕೊಡ್ತಿಲ್ಲ ಅಣ್ಣ.

ವಿದ್ಯಾ: ಎಣ್ಣೆಯನ್ನ ಎದೆ ಹತ್ರ ಹಚ್ಚಬೇಡ ಅನಿತಾ, ಹಾಲು ಹಿಂಡೋ ಮುಂಚೆ ಕೈ ಸೋಪು ಹಾಕಿ ತೊಳಿ. ವಾಪಸ್ ಬಂದವರು ಮಗುವನ್ನ ಎತ್ಕೊಳ್ಳೋ ಮುಂಚೆ ಇಬ್ಬರೂ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಕಿವಿ ಹಿಂದೆ, ಕಂಕುಳು, ಸೊಂಟ, ತೊಡೆಸಂದಿ, ಮಂಡಿ ಹಿಂಭಾಗ ನೋಡ್ಕೊಳ್ಳಿ. ಉಣುಗು ಕಂಡರೆ ಚಿಮುಟದಲ್ಲಿ ಚರ್ಮಕ್ಕೆ ತಾಗೋ ಹಾಗೆ ಹಿಡಿದು ನೇರ ಎಳೀರಿ, ಬೆರಳಲ್ಲಿ ಹಿಸುಕಬೇಡಿ. ಆಮೇಲೆ ಮೂರರಿಂದ ಎಂಟು ದಿನದೊಳಗೆ ದಿಢೀರ್ ಜ್ವರ, ತಲೆನೋವು, ಮೈಕೈನೋವು ಬಂದ್ರೆ ಡಾಕ್ಟರಿಗೆ ತೀರ್ಥಹಳ್ಳಿಗೆ ಹೋಗಿದ್ದು ಮೊದಲು ಹೇಳಬೇಕು.

ಸುಮತಿ ಅತ್ತೆ: ಚಳಿಗೆ ಟೆಂಟೊಳಗೆ ಒಂದು ಬಾಣಲೆ ಕೆಂಡ ಇಟ್ಕೊಳ್ಳಿ.

ಗಿರೀಶ: ಅಮ್ಮ, ಬೇಡವೇ ಬೇಡ. ಮುಚ್ಚಿದ ಟೆಂಟಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ತುಂಬತ್ತೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗತ್ತೆ. ಚಳಿ ಹತ್ತೋದು ನೆಲದಿಂದ. ಮೇಲೆ ಎರಡು ಕಂಬಳಿ ಹೊದೆಯೋದಕ್ಕಿಂತ ಕೆಳಗೆ ದಪ್ಪ ಫೋಮ್ ಹಾಸು ಮುಖ್ಯ, ಬಾಣಂತಿ ಸೊಂಟಕ್ಕೂ ಅದೇ ಒಳ್ಳೇದು.

ಸುಮತಿ ಅತ್ತೆ: ಈಗ ನನಗೂ ಪುರಾವೆ ಕೇಳ್ತೀಯಾ?

ಪ್ರಸಾದ್: ವಿದ್ಯಕ್ಕ, ಅಲ್ಲಿ ಅನಿತಾ ಹಾಲು ಹಿಂಡಲೇಬೇಕಾ? ಪಂಪು ಹೊರೋದು ಬೇಡ ಅಂತಿದ್ಲು.

ವಿದ್ಯಾ: ಹಿಂಡಲೇಬೇಕು. ಹಗಲು 3–4 ಗಂಟೆಗೊಮ್ಮೆ, ರಾತ್ರಿ ಮಲಗೋ ಮುಂಚೆ, ಬೆಳಗ್ಗೆ ಎದ್ದ ಕೂಡಲೇ. ಬಿಟ್ಟರೆ ಎದೆ ಕಟ್ಟಿ ಗಡ್ಡೆ ಆಗತ್ತೆ, ಆಮೇಲೆ ಜ್ವರ. ಕೈಪಂಪು ಸಾಕು, ಕರೆಂಟ್ ಬೇಡ. ಬಿಸಿನೀರಿನ ಫ್ಲಾಸ್ಕು, ಸೋಪು, ಪಂಪಿಗೆ ಅಂತಲೇ ಒಂದು ಪಾತ್ರೆ ಇಟ್ಕೊಳ್ಳಿ. ಹೋಮ್‌ಸ್ಟೇ ಸಿಂಕಲ್ಲಿ ತೊಳೀಬೇಡಿ. ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇರೋ ಚೀಲದಲ್ಲಿ ಹಾಲು 24 ಗಂಟೆ ಇರತ್ತೆ. ಪ್ಯಾಕ್ ಕರಗಿದ್ರೆ ಇಲ್ಲ, ರಾತ್ರಿ ಮನೆಯವರ ಫ್ರೀಜರಲ್ಲಿ ಇನ್ನೆರಡು ಇಡಿಸಿ.

ಶ್ರೀಪಾದ ದೊಡ್ಡಪ್ಪ: ಎಲ್ಲ ಹೇಳಿದಿರಿ. ಕಿವಿ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ವಿದ್ಯಾ: ಅಪ್ಪ, ಘಾಟಿಯಲ್ಲಿ ಕಿವಿ ಕಟ್ಟೋದು ನಿಜ, ತಮಟೆ ಒಡೆಯಲ್ಲ. ನುಂಗಿದ್ರೆ ಬಿಡತ್ತೆ, ಅದಕ್ಕೇ ಗಾಡಿ ನಿಲ್ಲಿಸಿ ಹಾಲು ಕೊಡೋದು. ನೆಗಡಿಯಾಗಿ ಮೂಗು ಕಟ್ಟಿದ್ದಾಗ ನೋವು ಜಾಸ್ತಿ. ಬೆಂಗಳೂರಿಂದ ಶಿವಮೊಗ್ಗಕ್ಕೆ ಘಾಟಿಯೇ ಇಲ್ಲ. ಆ ದಾರಿಯಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಕಾರ್ ಸೀಟಿಂದ ಎತ್ಕೊಂಡರೆ ಸಾಕು.

ಶ್ರೀಪಾದ ದೊಡ್ಡಪ್ಪ: ನಾನು ಹಾಕಿದ್ದು ಕಾಳಜಿಗೆ. ಗಿರೀಶ ಅದನ್ನ ನೋಡಲ್ಲ.

ಮಂಜು: ಜೋಗದ ಫೋಟೋ ಸಿಕ್ತಾ?

ಶಾರದಮ್ಮ: ವಿದ್ಯಾ, ಹೆಪ್ಪುಗಟ್ಟಿದ್ದನ್ನ ಒಲೆ ಮೇಲೆ ಬಿಸಿ ಮಾಡ್ಲಾ? ಇಲ್ಲಿ ಕರೆಂಟ್ ಬೇರೆ ಹೋಗ್ತಾ ಇರತ್ತೆ.

ವಿದ್ಯಾ: ಒಲೆಯೂ ಬೇಡ, ಮೈಕ್ರೋವೇವೂ ಬೇಡ ಚಿಕ್ಕಮ್ಮ. ಹಿಂದಿನ ರಾತ್ರಿ ಫ್ರೀಜರಿಂದ ಫ್ರಿಜ್ಜಿಗೆ ಇಳಿಸಿ. ಪೂರ್ತಿ ಕರಗಿದ ಮೇಲೆ 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಕೊಡೋವಾಗ ಬೆಚ್ಚನೆ ನೀರಿನ ಬಟ್ಟಲಲ್ಲಿ ಪೊಟ್ಟಣ ಇಡಿ. ಕೆನೆ ಮೇಲೆ ನಿಂತಿರತ್ತೆ, ಮೆಲ್ಲಗೆ ತಿರುಗಿಸಿ. ಕರೆಂಟ್ ಹೋದಾಗ ಬಾಗಿಲು ತೆಗೀಬೇಡಿ. ಫ್ರೀಜರಲ್ಲಿ ಎರಡು ಬಾಟಲಿ ನೀರು ಈಗಲೇ ಇಟ್ಟು ಹೆಪ್ಪುಗಟ್ಟಿಸಿಡಿ, ತಂಪು ಹಿಡಿದಿಡತ್ತೆ.

ಶಾರದಮ್ಮ: ಆಯ್ತು. ಸುಮತಿ, ಒಳಲೆ ಇಬ್ಬರದ್ದೂ. ಶುಕ್ರವಾರವೇ ಬಂದುಬಿಡು, ರಾತ್ರಿ ಸರದಿಗೆ ಇನ್ನೊಬ್ಬರು ಬೇಕು.

ಸುಮತಿ ಅತ್ತೆ: ಯಾವ ಬಸ್ಸಿಗೆ ಬರಲಿ ಅಂತ ಗಿರೀಶನ್ನ ಕೇಳಿ ಹೇಳ್ತೀನಿ.