ಪದಚರ್ಚೆ: ‘ನೇಪಥ್ಯ’, ‘ವಿನ್ಯಾಸ’, ‘ಸಹಯೋಗ’ – ಕೂಡಿ ನಾಟಕ ಕಟ್ಟುವ ಕಲಿಕೆಗೆ ಯಾವ ಹೆಸರು?

ಮಾನ್ಯರೇ,

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿರುವ ನಾನು, ನಮ್ಮ ವಿದ್ಯಾರ್ಥಿಗಳಿಗಾಗಿ ನಡೆಯಲಿರುವ ಹದಿನೈದು ದಿನಗಳ ರಂಗ ತರಬೇತಿಗೆ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಇದು ಅಭಿನಯದ ತರಬೇತಿಯಲ್ಲ. ರಂಗಸಜ್ಜಿಕೆ, ಬೆಳಕು, ಉಡುಪು, ಪ್ರಸಾಧನ, ಧ್ವನಿ, ಪರಿಕರ ಇವೆಲ್ಲವನ್ನೂ ವಿದ್ಯಾರ್ಥಿಗಳೇ ಗುಂಪಾಗಿ ಕುಳಿತು ಯೋಚಿಸಿ, ನಾಟಕದ ಮೊದಲ ಓದಿನಿಂದ ಕೊನೆಯ ದೃಶ್ಯದ ದೀಪ ಆರುವವರೆಗೆ ತಾವೇ ರೂಪಿಸುವುದನ್ನು ಕಲಿಯುವ ತರಬೇತಿ. ಕೈಪಿಡಿಯ ಒಳಪುಟಗಳು ಹೆಚ್ಚು ತೊಡಕಿಲ್ಲದೆ ಮುಗಿದವು. ಆದರೆ ಮುಖಪುಟದ ಮೇಲೆ ಈ ಕಲಿಕೆಯನ್ನು ಏನೆಂದು ಕರೆಯಬೇಕೆಂಬಲ್ಲಿ ಮೂರು ವಾರಗಳಿಂದ ನಿಂತಿದ್ದೇನೆ. ಕೈಗೆ ಸಿಕ್ಕ ಪ್ರತಿಯೊಂದು ಪದವೂ ನಾನು ಹೇಳಬೇಕಾದುದಕ್ಕಿಂತ ಬೇರೆಯದನ್ನೇ ಹೇಳುತ್ತಿದೆ.

ಮೊದಲು ‘ನೇಪಥ್ಯ’ದ ಮಾತು, ಏಕೆಂದರೆ ಈ ಪ್ರಶ್ನೆ ನನಗೆ ಹುಟ್ಟಿದ್ದೇ ಅದರಿಂದ. ಎರಡು ವರ್ಷಗಳ ಹಿಂದೆ ಇಂಥದೇ ಒಂದು ಶಿಬಿರದ ಕೊನೆಗೆ, ನಟಿಸಿದವರಿಗೆ ‘ಅಭಿನಯ’ ಎಂದೂ ಉಳಿದವರೆಲ್ಲರಿಗೂ ‘ನೇಪಥ್ಯ ಸಹಾಯ’ ಎಂದೂ ಬರೆದ ಪ್ರಮಾಣಪತ್ರಗಳನ್ನು ಹಂಚಲಾಯಿತು. ಆ ನಾಟಕದ ಬೆಳಕನ್ನು ರೂಪಿಸಿದವಳು ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ. ಯಾವ ಮಾತಿನ ಮೇಲೆ ಯಾವ ದೀಪ ಏರಬೇಕು, ಎಷ್ಟು ಎಣಿಕೆಯೊಳಗೆ ಇಳಿಯಬೇಕು ಎಂಬ ಕ್ಯೂಗಳ ಪಟ್ಟಿಯನ್ನು ಆಕೆ ಮೂರು ಸಲ ಬರೆದು ಮೂರು ಸಲ ತಿದ್ದಿದ್ದಳು. ಪ್ರಮಾಣಪತ್ರ ಹಿಡಿದುಕೊಂಡು ಬಂದು, “ಸರ, ನಾ ಯಾರಿಗೂ ಸಹಾಯ ಮಾಡಿಲ್ರಿ, ನಾನೂ ನಾಟಕಾನ ಮಾಡೀನ್ರಿ” ಎಂದಳು. ಆಕೆಯ ಮಾತು ಸರಿಯಾಗಿತ್ತು. ಆ ಒಕ್ಕಣೆ ಅಚ್ಚಿಗೆ ಹೋಗುವ ಮುನ್ನ ನಾನೂ ಅದನ್ನು ನೋಡಿ ಒಪ್ಪಿದ್ದೆನಾದ್ದರಿಂದ, ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಇಂದಿನ ಕನ್ನಡದಲ್ಲಿ ‘ನೇಪಥ್ಯ’ವೆಂದರೆ ಹಿಂಬದಿ, ಕಣ್ಣಿಗೆ ಬೀಳದ ಜಾಗ. ಚುನಾವಣೆಯಲ್ಲಿ ಸೋತ ನಾಯಕರು ‘ನೇಪಥ್ಯಕ್ಕೆ ಸರಿದರು’ ಎಂದು ಪತ್ರಿಕೆಗಳು ಬರೆಯುತ್ತವೆ. ಅಂದರೆ ಅವರ ಕಾಲ ಮುಗಿಯಿತೆಂದೇ ಓದುಗರು ತಿಳಿಯುತ್ತಾರೆ. ಸಂಸ್ಕೃತ ನಾಟಕಗಳಲ್ಲಿಯೂ ಪರದೆಯ ಹಿಂದಿನಿಂದ ಕೇಳಿಬರುವ ಮಾತಿಗೆ ‘ನೇಪಥ್ಯದಲ್ಲಿ’ ಎಂಬ ಸೂಚನೆ ಇರುವುದರಿಂದ, ಜಾಗವೆಂಬ ಅರ್ಥವು ಹೊಸದಾಗಿ ಬಂದದ್ದಲ್ಲ. ಆದರೆ ಅದೊಂದೇ ಅರ್ಥವೂ ಅಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿ, ಆಹಾರ್ಯವೆಂದರೆ ನೇಪಥ್ಯದಿಂದ ಹುಟ್ಟುವ ವಿಧಿಯೆಂದು ಹೇಳಿ, ಆ ನೇಪಥ್ಯವನ್ನು ಮತ್ತೆ ನಾಲ್ಕು ಬಗೆಯಾಗಿ ವಿವರಿಸುತ್ತದೆ: ಚಾಪೆ, ಚರ್ಮ, ಬಟ್ಟೆಗಳಿಂದ ಬೆಟ್ಟ, ವಾಹನ, ವಿಮಾನಗಳ ಪ್ರತಿಕೃತಿಗಳನ್ನು ಮಾಡುವ ‘ಪುಸ್ತ’, ಹೂಮಾಲೆ ಒಡವೆ ಉಡುಗೆಗಳ ‘ಅಲಂಕಾರ’, ಮೈಗೆ ಬಣ್ಣ ಬಳಿಯುವ ‘ಅಂಗರಚನೆ’, ಪ್ರಾಣಿಗಳನ್ನು ರಂಗಕ್ಕೆ ತರುವ ‘ಸಜ್ಜೀವ’. ಇಂದು ನಾವು ಸಜ್ಜಿಕೆ, ಪರಿಕರ, ಉಡುಪು, ಪ್ರಸಾಧನ ಎಂದು ಕರೆಯುವ ಕೆಲಸಗಳೆಲ್ಲ ಹೆಚ್ಚುಕಡಿಮೆ ಇದರೊಳಗೆ ಬಂದುಬಿಟ್ಟವು. ಅದಕ್ಕಿಂತ ಮುಖ್ಯವಾಗಿ, ಆ ಲೆಕ್ಕದಲ್ಲಿ ನೇಪಥ್ಯವು ಅಭಿನಯಕ್ಕೆ ಮಾಡುವ ಸಹಾಯವಲ್ಲ. ಅದೇ ಅಭಿನಯದ ಒಂದು ಪಾಲು. ಆ ಹುಡುಗಿಯ ಮಾತನ್ನು ಶಾಸ್ತ್ರವು ಎಂದೋ ಒಪ್ಪಿಕೊಂಡಿತ್ತು.

ಹೀಗಿರುವಾಗ ‘ನೇಪಥ್ಯ’ವನ್ನೇ ಅದರ ಹಳೆಯ ಅರ್ಥದಲ್ಲಿ ಮುಖಪುಟಕ್ಕೆ ತರಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಓದುಗರ ಮನಸ್ಸಿನಲ್ಲಿ ಬೇರೂರಿದ ಅರ್ಥವನ್ನು ಒಂದು ಕೈಪಿಡಿಯಿಂದ ಅಲುಗಿಸಲಾಗದು ಎಂಬ ಅಳುಕು ನನಗಿದೆ.

‘ರಂಗವಿನ್ಯಾಸ’ವು ಹೆಚ್ಚು ಬಳಕೆಯಲ್ಲಿರುವ ಪದ, ಅರ್ಥವೂ ಸೊಗಸಾದದ್ದು: ಒಂದೊಂದನ್ನೂ ಅದರದರ ತಾಣದಲ್ಲಿ ಇರಿಸುವುದು, ಜೋಡಿಸುವುದು. ವಸ್ತ್ರವಿನ್ಯಾಸ, ಬೆಳಕಿನ ವಿನ್ಯಾಸ, ಮುಖಪುಟ ವಿನ್ಯಾಸ ಎಂದು ಎಲ್ಲ ಕಡೆಗೂ ಹೊಂದಿಕೊಳ್ಳುತ್ತದೆ. ತೊಡಕಿರುವುದು ನಮ್ಮ ಕರಪತ್ರಗಳ ರೂಢಿಯಲ್ಲಿ. ‘ವಿನ್ಯಾಸ ಮತ್ತು ನಿರ್ದೇಶನ’ ಎಂದು ಎರಡನ್ನೂ ಒಂದೇ ಹೆಸರಿನ ಮುಂದೆ ಅಚ್ಚು ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಹೀಗಾಗಿ ವಿನ್ಯಾಸವೆಂದರೆ ನಿರ್ದೇಶಕರ ತಲೆಯಲ್ಲಿ ಮೊದಲೇ ಮೂಡಿದ ಚಿತ್ರ, ಉಳಿದವರು ಅದಕ್ಕೆ ಮೊಳೆ ಹೊಡೆದು ಬಣ್ಣ ಬಳಿಯುವವರು ಎಂಬ ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ಬೆಳೆದಿದೆ. ನಮ್ಮ ತರಬೇತಿಯಲ್ಲಿ ಹಾಗಾಗದು. ಸಜ್ಜಿಕೆಯ ಗುಂಪು ರಟ್ಟಿನ ಚಿಕ್ಕ ಮಾದರಿಯನ್ನು ಮೇಜಿನ ಮೇಲೆ ಇಟ್ಟಾಗ, ಬೆಳಕಿನವರು ಅದರ ಮೇಲೆ ಬ್ಯಾಟರಿ ಹಿಡಿದು ಯಾವ ಗೋಡೆಯ ನೆರಳು ನಟರ ಮುಖದ ಮೇಲೆ ಬೀಳುತ್ತದೆಂದು ತೋರಿಸುತ್ತಾರೆ, ಉಡುಪಿನವರು ಮೆಟ್ಟಿಲಿನ ಎತ್ತರ ನೋಡಿ ಸೀರೆಯ ನಿರಿಗೆ ಕಾಲಿಗೆ ತೊಡರುತ್ತದೆಂದು ಎಚ್ಚರಿಸುತ್ತಾರೆ, ಮಾದರಿ ಮತ್ತೆ ಕತ್ತರಿಗೆ ಸಿಗುತ್ತದೆ. ಈ ಮರಳಿ ಮರಳಿ ಮಾಡುವ ಕೂಡುಕೆಲಸದ ಸುಳಿವು ‘ವಿನ್ಯಾಸ’ದಲ್ಲಿ ನನಗೆ ಕೇಳಿಸುವುದಿಲ್ಲ.

ಆ ಕೊರತೆ ತುಂಬಲೆಂದು ಸಹೋದ್ಯೋಗಿಯೊಬ್ಬರು ‘ಸಹಯೋಗಿ ರಂಗವಿನ್ಯಾಸ’ ಎಂಬ ಹೆಸರನ್ನು ಸೂಚಿಸಿದರು. ಆದರೆ ‘ಸಹಯೋಗ’ವನ್ನು ಆಮಂತ್ರಣ ಪತ್ರಿಕೆಗಳು ಆಗಲೇ ತಮ್ಮದಾಗಿಸಿಕೊಂಡಿವೆ: ‘ಇಂಥ ಇಲಾಖೆಯ ಸಹಯೋಗದಲ್ಲಿ’ ಎಂದರೆ ಹಣವನ್ನೋ ಸಭಾಂಗಣವನ್ನೋ ಕೊಟ್ಟವರ ಹೆಸರು ಬರುತ್ತದೆಯೇ ಹೊರತು, ಮೈ ಬಗ್ಗಿಸಿ ಜೊತೆಗೆ ದುಡಿದವರ ಹೆಸರಲ್ಲ.

‘ನಿರ್ಮಾಣ’ವನ್ನು ಬೇಗ ಬಿಟ್ಟೆ. ‘ರಂಗನಿರ್ಮಾಣ ತರಬೇತಿ’ ಎಂಬ ಸೂಚನೆಯನ್ನು ಫಲಕಕ್ಕೆ ಅಂಟಿಸಿದಾಗ ಹಲವರು ಅದನ್ನು ವೇದಿಕೆ ಕಟ್ಟುವ ಕೆಲಸವೆಂದೇ ಓದಿಕೊಂಡರು. ‘ಪ್ರಯೋಗ’ ಮಾತ್ರ ಮನಸ್ಸನ್ನು ಹಿಡಿದು ನಿಲ್ಲಿಸಿತು. ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿದ್ದ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡ ನಾಡವರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಕರೆದಾಗ, ಅಲ್ಲಿ ಪ್ರಯೋಗವೆಂದರೆ ಕಾವ್ಯವನ್ನು ಬಳಸಿ ಪಳಗಿದ ಜಾಣ್ಮೆ. ಇಂದು ‘ನಾಟಕ ಪ್ರಯೋಗ’ವೆಂದರೆ ಒಂದು ಸಂಜೆಯ ಪ್ರದರ್ಶನವಷ್ಟೇ ಆಗಿದೆ, ‘ಪ್ರಯೋಗಶೀಲ’ ಎಂದರೆ ಹೊಸತನ್ನು ಪರೀಕ್ಷಿಸುವುದಾಗಿದೆ. ಪ್ರದರ್ಶನಕ್ಕೆ ಮುಂಚಿನ ದಿನಗಳ ದುಡಿಮೆಯನ್ನು ಅದು ಹೇಳುವುದಿಲ್ಲ.

ಆ ದುಡಿಮೆಗೆ ನಮ್ಮ ಭಾಗದಲ್ಲಿ ‘ತಾಲೀಮು’ ಎಂಬ ಗಟ್ಟಿಯಾದ ಪದವಿದೆ. ಅರಬ್ಬಿಯಲ್ಲಿ ಕಲಿಸುವಿಕೆ ಎಂಬ ಅರ್ಥವುಳ್ಳ ಈ ಪದವು ಕುಸ್ತಿಯ ಅಭ್ಯಾಸಕ್ಕೂ ನಾಟಕದ ಅಭ್ಯಾಸಕ್ಕೂ ಒಂದೇ ಸಮನೆ ಸಲ್ಲುತ್ತದೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು ಉರ್ದುವಿನಲ್ಲಿ ಓದಿದ ಈ ಊರಿನಲ್ಲಿ, ಉರ್ದು ಮಾತನಾಡುವವರಿಗೆ ‘ತಾಲೀಮ್’ ಎಂದರೆ ಇಂದಿಗೂ ಶಿಕ್ಷಣವೇ. ‘ರಂಗತಾಲೀಮು’ ಎಂದರೆ ತರಬೇತಿ ಮತ್ತು ಅಭ್ಯಾಸ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಆದರೂ ರಂಗದವರ ಕಿವಿಗೆ ಅದು ನಟರ ತಾಲೀಮಾಗಿಯೇ ಕೇಳುತ್ತದೆಂಬುದು ನನ್ನ ಅನುಮಾನ.

ಕೊನೆಗೆ ನನ್ನ ಒಲವು ನಿಂತಿರುವುದು ‘ಕಟ್ಟು’ ಎಂಬ ಕ್ರಿಯಾಪದದ ಮೇಲೆ. ನಾವು ಹಾಡು ಕಟ್ಟುತ್ತೇವೆ, ಗೆಜ್ಜೆ ಕಟ್ಟುತ್ತೇವೆ, ವೇಷ ಕಟ್ಟುತ್ತೇವೆ, ಪರದೆ ಕಟ್ಟುತ್ತೇವೆ, ನಾಟಕವನ್ನೂ ಕಟ್ಟುತ್ತೇವೆ. ಯೋಚಿಸುವವರಿಗೊಂದು, ಮಾಡುವವರಿಗೊಂದು ಎಂದು ಈ ಪದವು ಭೇದ ಮಾಡುವುದಿಲ್ಲ. ವಿನ್ಯಾಸವೂ ನಿರ್ಮಾಣವೂ ಇದರೊಳಗೆ ಬೇರ್ಪಡದೆ ಉಳಿದಿವೆ. ನಮ್ಮೂರಿನ ದೊಡ್ಡ ರಂಗಮಂದಿರಕ್ಕೆ ಇಟ್ಟಿರುವುದು ನಟರ ಹೆಸರನ್ನಲ್ಲ, ಇಲ್ಲಿಯೇ ಹುಟ್ಟಿದ ಚಿತ್ರಕಲಾವಿದ ಎಸ್.ಎಂ. ಪಂಡಿತರ ಹೆಸರನ್ನು ಎಂಬುದು ಈ ಸಂದರ್ಭದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಆದ್ದರಿಂದ ಮುಖಪುಟದ ಮೇಲೆ ‘ಕೂಡಿ ನಾಟಕ ಕಟ್ಟೋಣ’ ಎಂದೂ, ಪ್ರಮಾಣಪತ್ರದಲ್ಲಿ ‘ಈ ನಾಟಕದ ಬೆಳಕನ್ನು ಕಟ್ಟಿದವರು’, ‘ಉಡುಪನ್ನು ಕಟ್ಟಿದವರು’ ಎಂದೂ ಬರೆಯಬೇಕೆಂದಿದ್ದೇನೆ. ‘ಬೆಳಕು ಕಟ್ಟು’ ಎಂಬ ಬಳಕೆ ಮಾತ್ರ ನನ್ನ ಕಿವಿಗೇ ಇನ್ನೂ ಸ್ವಲ್ಪ ಬಿಗಿಯಾಗಿ ಕೇಳುತ್ತಿದೆ.

ಬಲ್ಲವರಲ್ಲಿ ಮೂರು ಕೋರಿಕೆಗಳಿವೆ. ‘ನೇಪಥ್ಯ’ವನ್ನು ಜಾಗದ ಅರ್ಥದಲ್ಲಲ್ಲದೆ ವೇಷಭೂಷಣ, ಸಜ್ಜಿಕೆಗಳ ಅರ್ಥದಲ್ಲಿ ಬಳಸಿದ ಹಳೆಯ ಕನ್ನಡ ಪ್ರಯೋಗಗಳು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ವಿಶ್ವವಿದ್ಯಾಲಯದ ಪ್ರಮಾಣಪತ್ರದಂಥ ಕಾಗದದಲ್ಲಿ ಕ್ರಿಯಾಪದದಿಂದ ಹೆಸರಿಸುವುದನ್ನು ಅಧಿಕಾರಿಗಳು ಒಪ್ಪಿದ ಉದಾಹರಣೆಗಳಿದ್ದರೆ ಅವನ್ನೂ ಹಂಚಿಕೊಳ್ಳಿ. ಮೂರನೆಯದು ಬೀದರ, ಯಾದಗಿರಿ ಕಡೆಯ ಗೆಳೆಯರಿಗೆ: ನಿಮ್ಮ ಊರುಗಳ ದೊಡ್ಡಾಟ, ಸಣ್ಣಾಟದ ಮೇಳಗಳಲ್ಲಿ ಕಿರೀಟ, ಭುಜಕೀರ್ತಿಗಳನ್ನು ಮಾಡಿಕೊಡುವವರನ್ನೂ ದೀಪ ನೋಡಿಕೊಳ್ಳುವವರನ್ನೂ ಆಟದವರು ಯಾವ ಹೆಸರಿನಿಂದ ಕರೆಯುತ್ತಾರೆ? ಆ ಪದಗಳನ್ನು ಅವರು ಆಡುವ ಉಚ್ಚಾರದಲ್ಲಿಯೇ ಬರೆದು ಕಳಿಸಿದರೆ, ಕೈಪಿಡಿ ಅಚ್ಚಿಗೆ ಹೋಗುವ ಮುನ್ನ ಸೇರಿಸಿಕೊಳ್ಳುತ್ತೇನೆ.