‘ದ್ವೇಷಾಪರಾಧ’ ಅಂದರೆ ಹಳೇ ದ್ವೇಷವಾ?

ಎಲ್ಲರಿಗೂ ನಮಸ್ಕಾರ.

ಹಾಸನದ ಕೋರ್ಟ್ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ. ಹೋದ ವಾರ ಕಾಲೇಜು ಹುಡುಗಿಯೊಬ್ಬಳು ಚರ್ಚಾ ಸ್ಪರ್ಧೆಗೆ ಬರೆದ ನಾಲ್ಕು ಪುಟ ತಂದಿದ್ದಳು. ಅಮೆರಿಕದ ಹೇಟ್ ಕ್ರೈಮ್ (ಧರ್ಮ, ಬಣ್ಣದಂಥ ಗುರುತಿನ ಕಾರಣಕ್ಕೇ ಮಾಡುವ ಅಪರಾಧ) ಕಾನೂನಿಗೆ ಸಲಿಂಗಪ್ರೇಮಿಗಳ ಮೇಲಿನ ಹಲ್ಲೆಯನ್ನೂ ಸೇರಿಸಿದ್ದು ಸರಿಯೇ ಅನ್ನೋದು ವಿಷಯ. ಉದ್ದಕ್ಕೂ ‘ದ್ವೇಷಾಪರಾಧ’ ಎಂದೇ ಬರೆದಿದ್ದಳು. ಪಾಲುಪತ್ರ ಮಾಡಿಸಲು ಬಂದಿದ್ದ ಆಲೂರು ಕಡೆಯ ಯಜಮಾನರು ಸ್ಕ್ರೀನಲ್ಲಿ ಅದನ್ನು ಓದಿ, “ಯಾವೂರಿಂದು? ಬದು ಜಗಳವಾ?” ಅಂದರು.

ತಪ್ಪು ಅವರದಲ್ಲ. ಪೇಪರಲ್ಲಿ ‘ಹಳೇ ದ್ವೇಷ: ಯುವಕನ ಕೊಲೆ’ ಅಂತ ಓದಿ ಓದಿ, ದ್ವೇಷ ಅಂದರೆ ಇಬ್ಬರ ನಡುವಿನದು, ಹಿಂದೊಂದು ಕಥೆ ಇದ್ದೇ ಇರುತ್ತದೆ ಅಂತಾಗಿಬಿಟ್ಟಿದೆ. ಹೇಟ್ ಕ್ರೈಮ್‌ನಲ್ಲಿ ಹೊಡೆದವನಿಗೆ ಎದುರಿನವನ ಹೆಸರೂ ಗೊತ್ತಿರಬೇಕಿಲ್ಲ. 1968ರ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಇಷ್ಟೇ ಇದ್ದವು. 1998ರಲ್ಲಿ ವಯೋಮಿಂಗ್‌ನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ಸಲಿಂಗಪ್ರೇಮಿ ವಿದ್ಯಾರ್ಥಿಯನ್ನು ಬೇಲಿಗೆ ಕಟ್ಟಿ ಸಾಯುವ ಹಾಗೆ ಹೊಡೆದರು. ಅಂಥವರ ಮೇಲಿನ ಹಲ್ಲೆಯನ್ನೂ ಸೇರಿಸಿ, ಅವನ ಹೆಸರು ಹೊತ್ತ ಕಾನೂನು ಬಂದದ್ದು 2009ರಲ್ಲಿ.

ಅದರಲ್ಲಿ ‘ಹೇಟ್’ ಇರುವುದು ತಲೆಬರಹದಲ್ಲಿ. ಒಳಗಿನ ಮಾತು ಬೇರೆ: ಅವನು ಇಂಥವನು, ಅಥವಾ ಇಂಥವನೆಂದು ತಿಳಿದು, ಆ ಕಾರಣಕ್ಕೆ ಹೊಡೆದದ್ದು. ಅಂದರೆ ತಪ್ಪು ತಿಳಿದು ಹೊಡೆದರೂ ಬಿಡುವುದಿಲ್ಲ. ಎಷ್ಟು ದ್ವೇಷವಿತ್ತು ಅಂತಲ್ಲ, ಇವನನ್ನೇ ಯಾಕೆ ಹಿಡಿದೆ ಅಂತ ಕೇಳುತ್ತದೆ. ನಾವು ‘ದ್ವೇಷ’ ಅಂದ ಕೂಡಲೇ ‘ಮನಸ್ಸಿನ ಭಾವನೆಗೂ ಶಿಕ್ಷೆಯಾ’ ಅನ್ನುವ ವಿರೋಧಿಗಳಿಗೆ ಅರ್ಧ ಗೆಲುವು ಪುಕ್ಕಟೆ ಸಿಕ್ಕ ಹಾಗೆ, ಅಲ್ವಾ? ನಮ್ಮ ಭಾರತೀಯ ನ್ಯಾಯ ಸಂಹಿತೆಯ ಕಲಂ 103(2)ರಲ್ಲಿ, ಐದು ಅಥವಾ ಹೆಚ್ಚು ಜನ ಸೇರಿ ಮಾಡುವ ಕೊಲೆಯ ಕಡೆಯಲ್ಲಿ, ದ್ವೇಷ ಅನ್ನೋ ಪದವೇ ಇಲ್ಲ. ಜಾತಿ, ಲಿಂಗ, ಭಾಷೆ ಇತ್ಯಾದಿ ‘ಆಧಾರದ ಮೇಲೆ’ ಅಂತಿದೆ. ಲೈಂಗಿಕ ಒಲವಿನ ಹೆಸರಿಲ್ಲ, ಅದು ಬೇರೆ ಮಾತು.

ಬೇರೆ ಪದ ಹುಡುಕಿದೆ. ‘ಹಗೆ’ ಇನ್ನೂ ಕೆಟ್ಟದು, ಮನೆ ಮನೆಗಳ ಜಗಳಕ್ಕೇ ಅಂಟಿಕೊಂಡಿದೆ. ‘ಗುಂಪುದ್ವೇಷ’ ಅಂದರೆ ಗುಂಪು ಘರ್ಷಣೆ ಅಂದುಕೊಳ್ಳುತ್ತಾರೆ. ‘ಪೂರ್ವಗ್ರಹದ ಅಪರಾಧ’ ಅರ್ಥಕ್ಕೆ ಸರಿ, ಬಾಯಿಗೆ ಭಾರ.

ಇನ್ನೊಂದು. ‘ಸೆಕ್ಷುಯಲ್ ಓರಿಯಂಟೇಶನ್’ಗೆ ಆ ಹುಡುಗಿಯ ಫೋನು ‘ಲೈಂಗಿಕ ದೃಷ್ಟಿಕೋನ’ ಅಂತ ಕೊಟ್ಟಿತ್ತು. ದೃಷ್ಟಿಕೋನ ಅಂದರೆ ಅಭಿಪ್ರಾಯ, ನಾಳೆ ಬದಲಾಗಬಹುದು. ‘ಒಲವು’ ಮಾಡಿದೆ. ಮತದಾರರ ಒಲವೂ ಚುನಾವಣೆಗೊಮ್ಮೆ ಬದಲಾಗುತ್ತದಲ್ಲ ಎಂಬ ಅನುಮಾನ ಮಾತ್ರ ಉಳಿಯಿತು.

ಯಜಮಾನರಿಗೆ ವಿಷಯ ಬಿಡಿಸಿ ಹೇಳಿದೆ. “ಏನೂ ಮಾಡದವನಿಗೆ ಹೊಡೆದ್ರಾ? ಅದು ದ್ವೇಷ ಅಲ್ಲ ಕಣಪ್ಪ, ಕೊಬ್ಬು” ಅಂದರು. ಕಾನೂನಿಗೆ ‘ಕೊಬ್ಬು’ ಹಾಕಲಾಗದು. ಸ್ಪರ್ಧೆ ಶನಿವಾರ. ನೀವು ಯಾವ ಪದ ಹಾಕುತ್ತಿದ್ದಿರಿ?